ಚುಕ್ಕಿ ಬೆಳಕಿನಲ್ಲಿ ಬಣ್ಣ

ಭೀಮಾಶಂಕರದ ಕಾಡಿನಲ್ಲಿ ಒಂದು ಜುಲೈ ರಾತ್ರಿ ಟಾರ್ಚ್ ಆರಿಸಿ ನಿಂತಿದ್ದೆವು. ಮಳೆ ಸ್ವಲ್ಪ ಹೊಳವು ಕೊಟ್ಟಿತ್ತು. ಎಲೆಯಿಂದ ಎಲೆಗೆ ಹನಿ ಇಳಿಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಕಣ್ಣು ಕತ್ತಲೆಗೆ ಒಗ್ಗಲು ಹತ್ತು ಹದಿನೈದು ನಿಮಿಷ ಹಿಡಿಯಿತು. ಆಮೇಲೆ ಕಾಲಬುಡದಲ್ಲಿ ಬಿದ್ದಿದ್ದ ಕೊಳೆತ ಕೊಂಬೆಯೊಂದು ಮೆಲ್ಲಗೆ ಮೂಡಿಬಂತು. ಅದಕ್ಕೆ ಹತ್ತಿದ್ದ ಅಣಬೆಯ ಬೂಷ್ಟು ತನ್ನ ಪಾಡಿಗೆ ತಾನು ಬೆಳಗುತ್ತಿತ್ತು. ವಿಭೂತಿ ಉದುರಿಸಿದಂಥ ಮಂಕು ಬಿಳುಪು. ಜೊತೆಗಿದ್ದ ಗೆಳೆಯ ಕ್ಯಾಮೆರಾವನ್ನು ಕಲ್ಲಿನ ಮೇಲೆ ಊರಿ, ಅರ್ಧ ನಿಮಿಷ ಅದರ ಕಣ್ಣು ತೆರೆದಿಟ್ಟು, ಪರದೆಯನ್ನು ನನ್ನ ಕಡೆ ತಿರುಗಿಸಿದ. ಅದರಲ್ಲಿ ಕೊಂಬೆ ಹಸಿರಾಗಿತ್ತು. ಅಪ್ಪಟ ಹಸಿರು, ಭತ್ತದ ಸಸಿಮಡಿಯ ಹಸಿರು.

ಪರದೆ ನೋಡಿದೆ, ಕೊಂಬೆ ನೋಡಿದೆ, ಮತ್ತೆ ಪರದೆ ನೋಡಿದೆ. ಹಸಿರು ಅಲ್ಲೇ, ನನ್ನ ಮುಂದೆಯೇ ಇತ್ತು. ನನ್ನ ಕಣ್ಣಿಗೆ ಅದು ದಕ್ಕಿರಲಿಲ್ಲ.

ಬಣ್ಣ ಹೇಳುವ ಕೆಲಸ ನಮ್ಮ ಕಣ್ಣಿನ ಶಂಕುಕೋಶಗಳದ್ದು. ಅವು ಹಗಲಿನ ಆಳುಗಳು. ಬೆಳಕು ಒಂದು ಮಟ್ಟಕ್ಕಿಂತ ಇಳಿದರೆ ಕೈಚೆಲ್ಲುತ್ತವೆ. ಆಗ ನೋಟವನ್ನು ದಂಡಕೋಶಗಳು ವಹಿಸಿಕೊಳ್ಳುತ್ತವೆ. ಅವುಗಳಲ್ಲಿರುವುದು ಒಂದೇ ಬಗೆಯ ಬಣ್ಣದ್ರವ್ಯ. ಒಂದು ಕೈಯಿಂದ ಚಪ್ಪಾಳೆ ಹೇಗಾಗದೋ ಹಾಗೆ ಒಂದೇ ಬಣ್ಣದ್ರವ್ಯದಿಂದ ಬಣ್ಣ ತಿಳಿಯಲಾಗದು. ಬಣ್ಣ ತಿಳಿಯಬೇಕಾದರೆ ಕನಿಷ್ಠ ಎರಡು ಸಾಕ್ಷಿಗಳ ಮಾತನ್ನು ಒರೆಗೆ ಹಚ್ಚಬೇಕು. ಹೀಗಾಗಿ ರಾತ್ರಿಯ ಲೋಕವೆಲ್ಲ ನಮಗೆ ಬೂದು. ಬೆಳುದಿಂಗಳನ್ನು ಹಾಲಿಗೆ ಹೋಲಿಸಿದವರೆಲ್ಲ, ಗೊತ್ತೋ ಗೊತ್ತಿಲ್ಲದೆಯೋ, ತಮ್ಮ ದಂಡಕೋಶಗಳನ್ನೇ ಬಣ್ಣಿಸಿದ್ದಾರೆ.

ಆ ರಾತ್ರಿಯ ಸೋಜಿಗ ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಕಾಡಿನಲ್ಲಿ, ಅಂಥದೇ ಕತ್ತಲಲ್ಲಿ ಬಣ್ಣ ಕಾಣುವ ಜೀವಿಯೊಂದಿದೆಯೆಂದು ನಾನು ಮೊದಲೇ ಓದಿದ್ದೆ. ಓದಿದ್ದು ಮೈಗೆ ಹತ್ತಿದ್ದು ಮಾತ್ರ ಅವತ್ತು.

ಭೀಮಾಶಂಕರವೆಂದರೆ ಪುಣೆಯವರಿಗೆ ಜ್ಯೋತಿರ್ಲಿಂಗ, ಶ್ರಾವಣ ಸೋಮವಾರದ ಸಾಲು, ಮಳೆಗಾಲದ ಮಂಜು. ಊರಿನಿಂದ ನೂರು ಕಿಲೋಮೀಟರಿಗೆ ತುಸು ಮೇಲೆ, ಸಹ್ಯಾದ್ರಿಯ ನೆತ್ತಿಯ ಮೇಲೆ. ಭೀಮೆಯ ದಂಡೆಯಲ್ಲಿ ಹುಟ್ಟಿ ಬೆಳೆದ ನನ್ನಂಥವನಿಗೆ ಅದು ನಮ್ಮ ಹೊಳೆಯ ತವರು. ಗಾಣಗಾಪುರದ ಸಂಗಮದಲ್ಲಿ ಮೈಚೆಲ್ಲಿ ಹರಿಯುವ, ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುವ ಆ ನದಿ ಇಲ್ಲಿ ಒಂದು ಬೊಗಸೆ ನೀರು. 1985ರಲ್ಲಿ ಇದನ್ನು ವನ್ಯಧಾಮವೆಂದು ಘೋಷಿಸಿದರು. ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರು, ಅಂದರೆ ನಮ್ಮ ಕೆಂಜಳಿಲು, ಇಲ್ಲಿಯ ಮರಗಳ ನೆತ್ತಿಯಲ್ಲಿ ಗೂಡು ಕಟ್ಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಿಸ್ ಅವರು ಉತ್ತರ ಕನ್ನಡದ ಮಾಗೋಡಿನಲ್ಲೂ ಈ ಭೀಮಾಶಂಕರದಲ್ಲೂ ಆ ಅಳಿಲಿನ ಜಾಡು ಹಿಡಿದವರು. ಅವರೂ ಹೇಮಾ ಸೋಮನಾಥನ್ ಅವರೂ ಇದೇ ಕಾಡಿನಲ್ಲಿ ಹೂವುಗಳ ರಾತ್ರಿ ಬದುಕನ್ನು ಬೆನ್ನಟ್ಟಿದರು. ಮುಂದೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಾರಂಟ್ ಮತ್ತು ಆಲ್ಮುಟ್ ಕೆಲ್ಬರ್ ಅವರೊಂದಿಗೆ ಕೂಡಿ, 2008 ಮತ್ತು 2009ರಲ್ಲಿ ಇಲ್ಲಿಯ ದುಂಬಿಗಳ ಕಣ್ಣಿನ ಬಗ್ಗೆ ಅವರು ಪ್ರಕಟಿಸಿದ ಲೇಖನಗಳನ್ನು ನಾನು ಕಾದಂಬರಿ ಓದುವ ಆಸೆಯಿಂದ ಓದಿದ್ದೇನೆ, ಒಂದಕ್ಕಿಂತ ಹೆಚ್ಚು ಸಲ.

ದುಂಬಿ ಎಂದೆ. ಬಡಗಿ ದುಂಬಿ ಎನ್ನುವುದು ಹೆಚ್ಚು ಸರಿ. ಹೆಬ್ಬೆರಳ ತುದಿಯಷ್ಟು ದಪ್ಪ, ಎಣ್ಣೆ ಸವರಿದಂಥ ಕಪ್ಪು ಮೈ, ನೀಲಿ ಹಸಿರಾಗಿ ಮಿರುಗುವ ರೆಕ್ಕೆ, ಒಣ ಮರ ಕೊರೆದು ಮನೆ ಮಾಡುವ ಒಂಟಿ ಸ್ವಭಾವ. ಪುಣೆಯಲ್ಲಿ ನಮ್ಮ ಬಾಲ್ಕನಿಯ ಬಟ್ಟೆ ಒಣಹಾಕುವ ಬಿದಿರುಗಳುವಿನಲ್ಲಿ ಒಂದು ಹೆಣ್ಣು ಎರಡು ಬೇಸಿಗೆ ಒಕ್ಕಲಿತ್ತು. ಅದು ಕೊರೆಯುವಾಗ ಕಿವಿಯಿಟ್ಟರೆ ಅಕ್ಕಸಾಲಿಗನ ಅರದ ಸದ್ದು. ಕೆಳಗೆ ಗೋಧಿ ರವೆಯಂಥ ಪುಡಿ ಉದುರುತ್ತಿತ್ತು. ದಿನಾ ಗುಡಿಸುವ ಕೆಲಸ ನನ್ನದು. ತೂತು ಎಷ್ಟು ದುಂಡಗಿತ್ತೆಂದರೆ ಕೈವಾರ ಹಿಡಿದು ಎಳೆದಂತೆ.

ಎರಡನೆಯ ಬೇಸಿಗೆಯ ಕೊನೆಗೆ ಅದು ಸತ್ತು ಕುಂಡದ ಪಕ್ಕ ಬಿದ್ದಿತ್ತು. ಎತ್ತಿ ಬಿಳಿ ಕಾಗದದ ಮೇಲಿಟ್ಟು ಮಗಳ ಭೂತಗನ್ನಡಿಯಲ್ಲಿ ಮುಖ ನೋಡಿದೆ. ತಲೆಯ ಎರಡೂ ಮಗ್ಗುಲಿಗೆ ಹುಣಸೆ ಬೀಜದಂತೆ ನುಣ್ಣಗಿನ ದೊಡ್ಡ ಕಣ್ಣು. ನುಣುಪು ಬರಿಗಣ್ಣಿಗಷ್ಟೇ, ಗಾಜಿನಡಿ ಅದು ಸಾವಿರಾರು ಅರುಗೋನ ಮಣಿಗಳ ಹೆಣಿಗೆ. ಒಂದೊಂದು ಮಣಿಯೂ ಒಂದೊಂದು ಮಸೂರ. ಅದರಡಿ ಒಂದು ಸಣ್ಣ ಕೊಳವೆ, ಕೊಳವೆಯ ನಡುವೆ ಬೆಳಕು ಹಿಡಿಯುವ ಕಡ್ಡಿ. ನೆತ್ತಿಯ ಮೇಲೆ ಮುಕ್ಕೋನವಾಗಿ ಕೂಡಿಸಿದ ಇನ್ನೂ ಮೂರು ಪುಟ್ಟ ಕಣ್ಣುಗಳು, ಸಾಸಿವೆಗಿಂತ ಚಿಕ್ಕವು, ಮೂಗುತಿಯ ಹರಳಿನಂತೆ ಹೊಳೆಯುವಂಥವು. ಮುಕ್ಕಣ್ಣನ ಗುಡಿಯ ಕಾಡಿನಲ್ಲಿರುವುದೂ ಇಂಥದೇ ಐದು ಕಣ್ಣಿನ ಜೀವಿ! ಬಹಳ ಹೊತ್ತು ಅದನ್ನು ಕೆಳಗಿಡಲಾಗಲಿಲ್ಲ.

ಭೀಮಾಶಂಕರದ ಕಥೆಯಲ್ಲಿ ಇಂಥ ದುಂಬಿಗಳು ಮೂರು. ಮೂರೂ ಒಂದೇ ಕಾಡಿನವು, ಒಂದೇ ಕುಲದವು. ಜೈಲೋಕೋಪಾ ಲ್ಯೂಕೋಥೊರಾಕ್ಸ್ ಶುದ್ಧ ಹಗಲಿನದು. ಜೈಲೋಕೋಪಾ ಟೆನ್ಯುಸ್ಕೇಪಾ ಹಗಲಿನದೇ ಆದರೂ ಆಸೆಗೆ ಬಿದ್ದಾಗ ಮಸುಕಿನಲ್ಲೂ ಹೊರಡುವಂಥದು. ಮೂರನೆಯದು ಜೈಲೋಕೋಪಾ ಟ್ರಾಂಕ್ವೆಬಾರಿಕಾ. ಅದರ ಹೆಸರಿನಲ್ಲಿ ತಮಿಳುನಾಡಿನ ತರಂಗಂಬಾಡಿ ಅಡಗಿ ಕೂತಿದೆ. ಅದು ಡೇನರ ವಸಾಹತಾಗಿದ್ದ ಕಾಲದಲ್ಲಿ, 1804ರಲ್ಲಿ, ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ ಇಟ್ಟ ಹೆಸರು. ಈ ಮೂರನೆಯದು ರಾತ್ರಿಯದು. ಬೆಳುದಿಂಗಳಲ್ಲಿ ಹಾರುವ ಜೇನುಗಳು ಬೇರೆಯೂ ಇವೆ. ನಮ್ಮ ಹೆಜ್ಜೇನು ಹುಣ್ಣಿಮೆಯ ಆಸುಪಾಸು ಇರುಳೂ ಮಕರಂದಕ್ಕೆ ಹೋಗುತ್ತದೆ. ಟ್ರಾಂಕ್ವೆಬಾರಿಕಾಕ್ಕೆ ಚಂದ್ರನ ಹಂಗೂ ಇಲ್ಲ. ಅಮಾವಾಸ್ಯೆಯ ಕಾಡಿನಲ್ಲಿ, ಬರಿಯ ನಕ್ಷತ್ರಗಳ ಬೆಳಕಿನಲ್ಲಿ, ಮರಗಳ ನಡುವೆ ತೂರಿ ಹೂವಿಗೆ ಹೋಗಿ, ತನ್ನ ಮನೆಯ ತೂತಿಗೆ ಸರಿಯಾಗಿ ಮರಳುತ್ತದೆ. ಆ ಬೆಳಕು ಹಗಲಿನದಕ್ಕಿಂತ ಸುಮಾರು ಹತ್ತು ಕೋಟಿ ಪಟ್ಟು ಕಡಿಮೆ. ನಿಜವಾದ ಅರ್ಥದಲ್ಲಿ ನಿಶಾಚರಿಯೆಂದು ಗೊತ್ತಾದ ಜೇನುಬಳಗದ ಜೀವಿ ಇದೊಂದೇ ಎಂದು ಆ ಸಂಶೋಧಕರು ಬರೆದರು.

ಅವರು ಮಾಡಿದ ಪರೀಕ್ಷೆ ನನಗೆ ಅಚ್ಚುಮೆಚ್ಚು. ದುಂಬಿಯ ಮನೆಬಾಗಿಲಿಗೆ ಬಣ್ಣದ ಗುರುತೊಂದನ್ನು ಇಟ್ಟು ಅಭ್ಯಾಸ ಮಾಡಿಸಿದರು. ಆಮೇಲೆ ಬೂದು ಛಾಯೆಯ ಗುರುತುಗಳ ನಡುವೆ ಅದನ್ನು ಇಟ್ಟು, ಬರಿ ತಿಳಿ-ಗಾಢದ ಲೆಕ್ಕದಲ್ಲಿ ದುಂಬಿ ಬಚಾವಾಗದಂತೆ ನೋಡಿಕೊಂಡರು. ಮನೆಗೆ ಬಂದ ದುಂಬಿ ಬಣ್ಣದ ಕಡೆಗೇ ಹೋಯಿತು. ನೋಡುತ್ತ ಕೂತ ಮನುಷ್ಯರಿಗೆ ಆ ಬೆಳಕಿನಲ್ಲಿ ಯಾವ ಬಣ್ಣವೂ ಕಾಣುವಂತಿರಲಿಲ್ಲ. ಸುಮಾರು ಇದೇ ಪರೀಕ್ಷೆಯನ್ನು ಕಾರ್ಲ್ ಫಾನ್ ಫ್ರಿಷ್ ಹಗಲು ಬೆಳಕಿನಲ್ಲಿ ಜೇನ್ನೊಣಕ್ಕೆ ಮಾಡಿ 1914ರಲ್ಲಿ ಪ್ರಕಟಿಸಿದ್ದ. ಬೂದು ಚೌಕಗಳ ನಡುವೆ ಒಂದು ನೀಲಿ ಚೌಕ, ಅದರ ಮೇಲೆ ಸಕ್ಕರೆ ನೀರು. ಆಮೇಲೆ ನೀರು ತೆಗೆದರೂ ಜೇನು ನೀಲಿಗೇ ಬಂತು. ಜೇನಿಗೆ ಬಣ್ಣ ಕಾಣದು ಎಂದು ವಾದಿಸುತ್ತಿದ್ದ ಹಿರಿಯ ಪಂಡಿತರಿಗೆ ಅದು ಉತ್ತರ. ಆ ನೀಲಿ ಚೌಕ ಜರ್ಮನಿಯ ಬಿಸಿಲಿನಿಂದ ಹೊರಟು ಸಹ್ಯಾದ್ರಿಯ ಇರುಳಿಗೆ ಬರಲು ಹೆಚ್ಚು ಕಡಿಮೆ ನೂರು ವರ್ಷ ಹಿಡಿಯಿತು.

ಬಣ್ಣ ಕಾಣುವುದೆಂದರೆ ಕೊನೆಗೆ ಒಂದು ಪ್ರೋಟೀನಿನ ಕೆಲಸ. ಅದರ ಹೆಸರು ಆಪ್ಸಿನ್. ಕಸೂತಿಯ ದಾರ ಬಟ್ಟೆಯ ಮೇಲೆ ಕೆಳಗೆ ಆಡುವಂತೆ ಅದು ಜೀವಕೋಶದ ಪೊರೆಯನ್ನು ಏಳು ಸಲ ಹಾಯ್ದು ಒಂದು ಪುಟ್ಟ ಬುಟ್ಟಿಯಾಗುತ್ತದೆ. ಬುಟ್ಟಿಯೊಳಗೆ ಎ ಜೀವಸತ್ವದಿಂದ ಬಂದ ರೆಟಿನಾಲ್ ಎಂಬ ಸಣ್ಣ ಅಣು ಬಾಗಿ ಕೂತಿರುತ್ತದೆ. ಕಣ್ಣಿಗೆ ಒಳ್ಳೆಯದೆಂದು ಅಮ್ಮ ತಿನ್ನಿಸುತ್ತಿದ್ದ ಗಜ್ಜರಿಯ ಗುಟ್ಟು ಇದೇ. ಬೆಳಕಿನ ಒಂದು ಕಣ ಬಡಿದರೆ ಆ ಬಾಗು ನೆಟ್ಟಗಾಗುತ್ತದೆ. ಅಷ್ಟೇ. ಕಾಣುವುದೆಂಬ ಸಮಸ್ತ ವ್ಯವಹಾರ, ಅಜಂತಾದ ಗೋಡೆಯಿಂದ ಮಗುವಿನ ಮುಖದವರೆಗೆ, ಆ ಒಂದು ನೆಟ್ಟಗಾಗುವಿಕೆಯಿಂದ ಶುರು. ಬುಟ್ಟಿಯ ಒಳಗೋಡೆಯಲ್ಲಿ, ರೆಟಿನಾಲಿನ ಮಗ್ಗುಲಲ್ಲಿ, ಒಂದೆರಡು ಅಮೈನೊ ಆಮ್ಲ ಬದಲಾದರೆ ಅದು ಹಿಡಿಯುವ ಬಣ್ಣ ಬದಲಾಗುತ್ತದೆ. ವೀಣೆಯ ತಂತಿಯ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದಂತೆ.

ಜೇನ್ನೊಣದ ಕಣ್ಣಲ್ಲಿ ಇಂಥ ಮೂರು ಶ್ರುತಿಗಳಿವೆ. ಒಂದು ಅತಿನೇರಳೆಗೆ, 344 ನ್ಯಾನೋಮೀಟರಿನ ಹತ್ತಿರ. ಒಂದು ನೀಲಿಗೆ, 436ರ ಬಳಿ. ಒಂದು ಹಸಿರಿಗೆ, 544ರ ಸುತ್ತ. ನೆತ್ತಿಯ ಮೂರು ಪುಟ್ಟ ಕಣ್ಣುಗಳಿಗೆ ಹಸಿರಿನ ಆಪ್ಸಿನ್ನಿನದೇ ಇನ್ನೊಂದು ಪ್ರತಿ ಇದೆ, ಆ ಕಣ್ಣುಗಳಿಗಾಗಿಯೇ ಮೀಸಲು. 1992ರಲ್ಲಿ ಜರ್ಮನಿಯಲ್ಲಿ ಜೇನು, ಕಣಜ, ಇರುವೆಗಳ ಬಳಗದ 43 ಜಾತಿಗಳ ಕಣ್ಣನ್ನು ಒಂದೊಂದಾಗಿ ಅಳೆದು ನೋಡಿದರು. ಅಲ್ಲೊಂದು ಇಲ್ಲೊಂದು ಹೊರತು, ಎಲ್ಲೆಲ್ಲೂ ಅದೇ ಮೂರು ಶ್ರುತಿ, ಸ್ವಲ್ಪ ಆಚೀಚೆ.

ಎಲ್ಲೆಲ್ಲೂ ಅದೇ ಶ್ರುತಿ ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಪುಣೆಯ ಒಂದು ಗುಡ್ಡದ ಮೇಲೆ. ಲಾ ಕಾಲೇಜು ರಸ್ತೆಯಿಂದ ಟೇಕಡಿ ಹತ್ತುವವರು ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವನ್ನು ದಾಟಿಯೇ ಹೋಗಬೇಕು. 1917ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ವಿ. ಎಸ್. ಸುಕ್ತಣಕರ್ ಮತ್ತು ಅವರ ನಂತರದ ವಿದ್ವಾಂಸರು ಮಹಾಭಾರತದ 1,200ಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಎದುರಿಟ್ಟುಕೊಂಡು, ಪಾಠಾಂತರಗಳನ್ನು ಸಾಲು ಸಾಲಾಗಿ ಗುರುತಿಸಿ, 1966ರ ಹೊತ್ತಿಗೆ ಪರಿಷ್ಕೃತ ಪಾಠವನ್ನು ಪೂರೈಸಿದರು. ಯಾವ ಪ್ರತಿ ಯಾವುದರ ಮಗು ಎಂದು ಅವರು ಪತ್ತೆ ಹಚ್ಚಿದ್ದು ತಪ್ಪುಗಳಿಂದ. ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ ಎರಡಕ್ಕೂ ಒಂದೇ ಮೂಲ. ಕೀಟವಿಜ್ಞಾನಿಗಳೂ ಇದನ್ನೇ ಮಾಡಿದ್ದಾರೆ. ಜೇನುಗಳ ವಂಶವೃಕ್ಷ ಬರೆಯಲು ಅವರು 1990ರ ದಶಕದ ಕೊನೆಯಿಂದ ಆಯ್ದುಕೊಂಡ ವಂಶವಾಹಿಗಳಲ್ಲಿ ಹಸಿರು ಬೆಳಕಿನ ಆಪ್ಸಿನ್ನಿನದೂ ಒಂದು. ಕಣ್ಣಿನ ಹಸ್ತಪ್ರತಿಯನ್ನು ಸಾಲಿಗೆ ಸಾಲು ಹೋಲಿಸಿ, ಯಾವ ದುಂಬಿ ಯಾವುದಕ್ಕೆ ದಾಯಾದಿ ಎಂದು ಕಂಡುಕೊಂಡರು. ಗುಡ್ಡ ಹತ್ತುವಾಗ ಏದುಸಿರು ಬಿಡುತ್ತ ಈ ಎರಡು ಕೆಲಸಗಳ ಹೋಲಿಕೆ ಹೊಳೆದಾಗ ನಾನು ಒಂದು ಬಂಡೆಯ ಮೇಲೆ ಕೂತುಬಿಟ್ಟೆ.

ಪಾಠಾಂತರ ಎಂಬ ಮಾತು ಇಲ್ಲಿ ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ. ಕೆಲವೊಮ್ಮೆ ಒಂದು ವಂಶವಾಹಿ ಎರಡು ಪ್ರತಿಯಾಗುತ್ತದೆ. ಮಠದಲ್ಲಿ ಒಂದು ಓಲೆಕಟ್ಟು ಭದ್ರವಾಗಿದ್ದರೆ ಇನ್ನೊಂದು ಊರೂರು ಸುತ್ತಿ, ಕೈಯಿಂದ ಕೈಗೆ ಹೋಗಿ, ಅಲ್ಲೊಂದು ಅಕ್ಷರ ಇಲ್ಲೊಂದು ಪದ ಬದಲಾಗುತ್ತ ಬೇರೆಯದೇ ಸೊಗಸು ಪಡೆಯುವುದಿಲ್ಲವೇ? ಆಪ್ಸಿನ್ನಿಗೂ ಹಾಗೆ. ಹಳೆಯ ಪ್ರತಿ ಸಂಸಾರ ತೂಗಿಸುತ್ತದೆ, ಹೊಸ ಪ್ರತಿಗೆ ಅಲೆಯುವ ಸ್ವಾತಂತ್ರ್ಯ. ನಮ್ಮ ಕೆಂಪು ಹಸಿರುಗಳ ಭೇದವೂ ಪುರಾತನ ವಾನರನೊಬ್ಬನಲ್ಲಿ ನಡೆದ ಇಂಥ ಒಂದು ಪ್ರತಿಲಿಪಿಯ ಫಲ. ಚಿಟ್ಟೆಗಳು ಈ ಆಟವನ್ನು ಮನಸಾರೆ ಆಡಿವೆ. ಕರಿಬೇವು, ನಿಂಬೆಗಿಡದ ಮೇಲೆ ಮೊಟ್ಟೆಯಿಡುವ ನಮ್ಮ ನಿಂಬೆ ಚಿಟ್ಟೆಯ ಸೋದರ ಜಾತಿಯೊಂದು ಜಪಾನಿನಲ್ಲಿದೆ. ಅದರ ಕಣ್ಣಲ್ಲಿ ಐದು ಆಪ್ಸಿನ್ನುಗಳಿವೆ, ಅವುಗಳಲ್ಲಿ ಮೂರು ಒಂದೇ ಉದ್ದ ತರಂಗದ ತಾಯಿಯ ಮಕ್ಕಳು. ಅದಕ್ಕೆ ಕೆಂಪೂ ಕಾಣುತ್ತದೆ. ಸಹ್ಯಾದ್ರಿಯ ತೊರೆಗಳ ಬಳಿ ಕೆಸರು ಹೀರುತ್ತ ಕೂರುವ ನೀಲಿ ಪಟ್ಟೆಯ ಗ್ರಾಫಿಯಂ ಬಳಗದ ಒಂದು ಚಿಟ್ಟೆಯಲ್ಲಿ 2016ರಲ್ಲಿ ಜಪಾನಿನ ಸಂಶೋಧಕರು 15 ಬಗೆಯ ಬೆಳಕುಗ್ರಾಹಿ ಕೋಶಗಳನ್ನು ಎಣಿಸಿದರು. ನಮಗೆ ಬಣ್ಣಕ್ಕಿರುವುದು ಮೂರು! ಜೀರುಂಡೆಗಳ ಕಥೆ ತಿರುವುಮುರುವು. ಅವುಗಳ ಪೂರ್ವಜರು ಯಾವುದೋ ಕಾಲದಲ್ಲಿ ನೀಲಿಯ ಓಲೆಯನ್ನೇ ಕಳೆದುಕೊಂಡರು. ಮುಂದೆ ಹೂವಿನ ಸಹವಾಸಕ್ಕೆ ಬಿದ್ದ ಕೆಲವು ಜೀರುಂಡೆಗಳು ಉಳಿದ ಓಲೆಗಳನ್ನೇ ಪ್ರತಿಮಾಡಿ, ತಿದ್ದಿ, ಕಳೆದ ನೀಲಿಯನ್ನು ಮತ್ತೆ ಗಳಿಸಿಕೊಂಡವು.

ಜೇನುಗಳು ಮಾತ್ರ ಕರ್ಮಠರು. ಮೂರು ಸಾಲಿನ ಪಾಠವನ್ನು ಕೋಟ್ಯಂತರ ವರ್ಷ ಹೆಚ್ಚು ಕಡಿಮೆ ಹಾಗೆಯೇ ಕಾಪಾಡಿಕೊಂಡು ಬಂದಿವೆ. ಆ ಪಾಠದ ವಯಸ್ಸೇ ಇಡೀ ವಿಷಯದ ಅತಿ ಮಧುರ ಭಾಗ. ಅತಿನೇರಳೆ, ನೀಲಿ, ಹಸಿರು ಎಂಬ ಮೂರು ಮನೆತನಗಳು ಕೀಟಗಳಲ್ಲಿ ಹೂವು ಹುಟ್ಟುವುದಕ್ಕಿಂತ ಬಹಳ ಮೊದಲೇ ಇದ್ದವು. ಕೀಟಗಳಿಗೆ 40 ಕೋಟಿ ವರ್ಷದ ಇತಿಹಾಸ. ಹೂಬಿಡುವ ಗಿಡಗಳ ಪಳೆಯುಳಿಕೆಗಳು ಸುಮಾರು 13 ಕೋಟಿ ವರ್ಷಗಳಿಂದೀಚೆಯವು. 1996ರಲ್ಲಿ ಲಾರ್ಸ್ ಚಿಟ್ಕಾ ಇದನ್ನು ಕೀಟಗಳ ವಂಶವೃಕ್ಷದ ಮೇಲಿಟ್ಟು ವಾದಿಸಿದರು: ಹೂವಿಗಾಗಿ ಜೇನಿನ ಕಣ್ಣು ಹೊಂದಿಕೊಂಡಿಲ್ಲ, ಆಗಲೇ ಇದ್ದ ಕಣ್ಣಿಗೆ ಒಪ್ಪುವಂತೆ ಹೂವು ತನ್ನ ಬಣ್ಣ ಹೊಂದಿಸಿಕೊಂಡಿತು. ಬೇಟೆ, ಬೇಟೆಗಾರ, ಸಂಗಾತಿ, ಆಕಾಶದ ದಿಕ್ಕು ಇವುಗಳಿಗಾಗಿ ಆದ ಕಣ್ಣದು. ಹೂವು ಆ ಹಳೆಯ ಪಾಠವನ್ನು ಓದಿಕೊಂಡು ಅದಕ್ಕೆ ವ್ಯಾಖ್ಯಾನ ಬರೆಯಿತು.

ಇದನ್ನು ತಿಳಿದ ಮೇಲೆ ಸೆಪ್ಟೆಂಬರಿನಲ್ಲಿ ಸಾತಾರೆಯ ಹತ್ತಿರದ ಕಾಸ್ ಪ್ರಸ್ಥಭೂಮಿಗೆ ಹೋದೆ. ಪುಣೆಯಿಂದ ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮೊದಲೇ ಅಲ್ಲಿರಬಹುದು. ಕಪ್ಪು ಕಲ್ಲಿನ ಮೇಲೆ ಬೆರಳುದ್ದ ಮಣ್ಣೂ ಇಲ್ಲ, ಅದರ ಮೇಲೆ ಎಕರೆಗಟ್ಟಲೆ ನೀಲಿ. ಮರಾಠಿಯಲ್ಲಿ ಸೀತೆಯ ಕಣ್ಣೀರು ಎನ್ನುವ ಯುಟ್ರಿಕ್ಯುಲೇರಿಯಾ. ನಡುನಡುವೆ ಹಳದಿ ಸ್ಮಿಥಿಯಾ, ಎಸಳಿಗೆ ಎರಡು ಕೆಂಪು ಬೊಟ್ಟು. ಮೊಣಕಾಲೂರಿ ಒಂದು ಹೂವನ್ನು ನೋಡಿದೆ. ನೀಲಿಯ ಕೆಳತುಟಿ, ನಡುವೆ ಬಿಳಿ ಮಚ್ಚೆ, ಅಕ್ಕಿಕಾಳಿನಷ್ಟು. ಪ್ರವಾಸಿಗರೆಲ್ಲ ತಮಗಾಗಿ ಹಾಸಿದ ಜಮಖಾನೆಯೆಂಬಂತೆ ಫೋಟೋ ತೆಗೆಯುತ್ತಿದ್ದರು, ನಾನೂ ತೆಗೆದೆ. ಆದರೆ ಆ ನೀಲಿ ಯಾರನ್ನು ಉದ್ದೇಶಿಸಿ ಬರೆದ ಕಾಗದವೋ ಆ ವಿಳಾಸದಾರ ನನ್ನ ಕಿವಿಯ ಪಕ್ಕದಲ್ಲೇ ಗುಂಯ್ ಎಂದು ಹೋದ. ಬೇರೆಯವರ ಕಾಗದ ಓದಿಯೂ ಇಷ್ಟು ಸುಖ ಸಿಗುತ್ತದಲ್ಲ ಎಂದು ಬೆರಗಾಯಿತು.

ಮಾರ್ಚಿನಲ್ಲಿ ಲೆಕ್ಕವೇ ಬೇರೆ. ಆಗ ಪುಣೆಯ ಹೊರಗೆ ಎಲೆಯಿಲ್ಲದ ಮುತ್ತುಗ ಉರಿಯುತ್ತಿರುತ್ತದೆ, ಹಾಲಿವಾಣವೂ ಬೂರುಗವೂ ಕೂಡ. ಆ ಕೆಂಪು ಜೇನಿನ ಮೂರು ಶ್ರುತಿಗೆ ಹೊರತಾದದ್ದು. ಜೇನು ಹೋಗುವುದೇ ಇಲ್ಲವೆಂದಲ್ಲ, ರಸವಿದ್ದಲ್ಲಿ ಅದು ಹೋಗುತ್ತದೆ. ಆದರೆ ಅಷ್ಟು ದೂರದಿಂದ ಕೂಗಿ ಕರೆಯುವ ಬಣ್ಣ ಹಕ್ಕಿಗಾಗಿ. ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುತ್ತುಗದ ಪರಾಗ ಸಾಗಿಸುವವರ ಪೈಕಿ ಸೂರಕ್ಕಿಗೆ ಮೊದಲ ಮಣೆ. ಒಂದೇ ಊರಿನ ಗುಡ್ಡಗಳು ಸೆಪ್ಟೆಂಬರಿನಲ್ಲಿ ಒಂದು ಕಣ್ಣಿಗೆ, ಮಾರ್ಚಿನಲ್ಲಿ ಇನ್ನೊಂದು ಕಣ್ಣಿಗೆ ಸಿಂಗರಿಸಿಕೊಳ್ಳುತ್ತವೆ.

ಹಾಗಾದರೆ ಇರುಳಿನ ದುಂಬಿ ಏನು ಮಾಡಿತು? ಕತ್ತಲಲ್ಲಿ ಬಣ್ಣ ಕಾಣಲು ಹೊಚ್ಚ ಹೊಸ ಆಪ್ಸಿನ್ ಬೇಕಿತ್ತೇ? 2009ರ ಲೇಖನ ಓದುವಾಗ ನನಗೆ ಅತ್ಯಂತ ರುಚಿಸಿದ ಭಾಗ ಇದು. ಟ್ರಾಂಕ್ವೆಬಾರಿಕಾದ ಕಣ್ಣಿನ ನಕ್ಷೆ ಹಗಲಿನ ಜೇನಿನದೇ. ಒಂದೊಂದು ಮಸೂರಕ್ಕೂ ಪ್ರತ್ಯೇಕ ಕೊಳವೆ, ಪಕ್ಕದ ಬೆಳಕು ಒಳಗೆ ಬರದಂತೆ ಗೋಡೆ. ಬೆಳಕು ಹೇರಳವಾಗಿದ್ದಾಗ ಮಾತ್ರ ಕಟ್ಟಬೇಕಾದ ಮನೆ. ಇರುಳ ಪತಂಗಗಳ ಕಣ್ಣಿನಲ್ಲಿ ಆ ಗೋಡೆಗಳಿಲ್ಲ, ನೂರಾರು ಮಸೂರಗಳ ಬೆಳಕು ಒಂದೆಡೆ ಸೇರುತ್ತದೆ. ನಕ್ಷತ್ರದ ಬೆಳಕಿನಲ್ಲಿ ಪತಂಗವೊಂದು ಬಣ್ಣ ಗುರುತಿಸುವುದನ್ನು ಕೆಲ್ಬರ್ ಮತ್ತು ವಾರಂಟ್ 2002ರಲ್ಲೇ ತೋರಿಸಿದ್ದರು. ದುಂಬಿಗೆ ಆ ಸೌಕರ್ಯವಿಲ್ಲ. ಅದು ಮಾಡಿದ್ದು ಇಷ್ಟು: ಹಳೆಯ ಮನೆಯನ್ನು ಕೆಡವದೆ ಕಿಟಕಿಗಳನ್ನು ದೊಡ್ಡದು ಮಾಡಿತು. ಕಣ್ಣು ದೊಡ್ಡದು, ಮಸೂರ ದೊಡ್ಡದು, ಬೆಳಕು ಹಿಡಿಯುವ ಕಡ್ಡಿ ಬಲು ಅಗಲ. ಹೀಗೆ ಅದರ ಕಣ್ಣು ಟೆನ್ಯುಸ್ಕೇಪಾದ್ದಕ್ಕಿಂತ 9 ಪಟ್ಟು, ಹಗಲಿನ ಲ್ಯೂಕೋಥೊರಾಕ್ಸಿನದಕ್ಕಿಂತ 27 ಪಟ್ಟು ಸೂಕ್ಷ್ಮವಾಯಿತು. ನೆತ್ತಿಯ ಮೂರು ಕಣ್ಣುಗಳು ಒಂದೊಂದೂ ಸುಮಾರು ಒಂದು ಮಿಲಿಮೀಟರ್ ಅಗಲ, ಆ ಗಾತ್ರದ ಜೀವಕ್ಕೆ ಅದು ದೀಪಸ್ತಂಭ. ಆದರೆ 27 ಪಟ್ಟು ಎಂಬುದು ಹತ್ತು ಕೋಟಿಯ ಮುಂದೆ ಎಲ್ಲಿಯ ಲೆಕ್ಕ? ಸಂಶೋಧಕರೂ ಅದನ್ನೇ ಕೇಳಿಕೊಂಡರು. ಉಳಿದದ್ದನ್ನು ನರಗಳು ತುಂಬಿಕೊಡುತ್ತಿರಬೇಕು ಎಂಬುದು ಅವರ ಊಹೆ. ಒಂದೊಂದು ಕೋಶವೂ ಬೆಳಕಿನ ಹನಿಗಳನ್ನು ಹೆಚ್ಚು ಹೊತ್ತು ಕೂಡಿಡುವುದು, ನನ್ನ ಗೆಳೆಯನ ಕ್ಯಾಮೆರಾ ಕಲ್ಲಿನ ಮೇಲೆ ಮಾಡಿದ ಹಾಗೆ. ಅಕ್ಕಪಕ್ಕದ ಕೋಶಗಳು ಮುಯ್ಯಾಳಿನಂತೆ ತಮ್ಮ ತಮ್ಮ ಗಳಿಕೆಯನ್ನು ಒಟ್ಟು ಹಾಕುವುದು. ನೋಟ ತುಸು ನಿಧಾನ, ತುಸು ಮಸುಕು, ಆದರೆ ಬಣ್ಣ ಉಳಿಯುತ್ತದೆ.

ನಮ್ಮ ಕಣ್ಣು ಇಂಥದೇ ಕತ್ತಲಿನ ಮುಂದೆ ಬಣ್ಣವನ್ನು ಕೈಬಿಟ್ಟು ಬೂದಿಗೆ ಒಪ್ಪಿಕೊಂಡಿತು. ದುಂಬಿ ಒಪ್ಪಲಿಲ್ಲ. ಕಾಣುವುದು ಕಷ್ಟವಾದಷ್ಟೂ ತಾಳ್ಮೆ ಹೆಚ್ಚಿಸಿಕೊಂಡಿತು. ಜೇನುಕುಲದ ಹಳೆಯ ಪಾಠವನ್ನು ಬಿಡದೆ, ಓದುವ ದೀಪವನ್ನು ಮಾತ್ರ ಬದಲಿಸಿಕೊಂಡ ಈ ಪುಟ್ಟ ಜೀವದ ಮೇಲೆ ನನಗೆ ಹುಟ್ಟಿರುವ ಗೌರವ ಅಷ್ಟಿಷ್ಟಲ್ಲ.

ನಮ್ಮ ಕವಿಗಳು ದುಂಬಿಯನ್ನು ಎಷ್ಟು ಪ್ರೀತಿಸಿದರೆಂದರೆ ಆರು ಕಾಲಿನ ಅದರ ಹೆಸರೂ ಕನ್ನಡದ ಬಲಿಷ್ಠ ಛಂದಸ್ಸಿನ ಹೆಸರೂ ಒಂದೇ: ಷಟ್ಪದಿ. ಆದರೆ ಆ ದುಂಬಿಗೆ ರಾತ್ರಿಯೆಂದರೆ ಸೆರೆ. ಸಂಜೆಗೆ ತಾವರೆ ಮುಚ್ಚಿಕೊಳ್ಳುತ್ತದೆ, ಒಳಗೆ ಸಿಕ್ಕ ದುಂಬಿ ಬೆಳಗಾಗುವುದನ್ನೇ ಕಾಯುತ್ತದೆ. ಸಾವಿರ ವರ್ಷಕ್ಕೂ ಮಿಕ್ಕಿದ ಕವಿಸಮಯವಿದು. ಪುಣೆಯ ಪಕ್ಕದ ಆಳಂದಿಯಲ್ಲಿ ಸಮಾಧಿಸ್ಥನಾದ ಜ್ಞಾನೇಶ್ವರ 1290ರಲ್ಲಿ ಮುಗಿಸಿದ ಜ್ಞಾನೇಶ್ವರಿಯ ಮೊದಲ ಅಧ್ಯಾಯದಲ್ಲೂ ಅದು ಬರುತ್ತದೆ, ಅರ್ಜುನನನ್ನು ಕಟ್ಟಿಹಾಕಿದ ಮಮತೆಗೆ ಹೋಲಿಕೆಯಾಗಿ. ಎಂಥ ಒಣ ಮರವನ್ನೂ ಕೊರೆಯಬಲ್ಲ ಭ್ರಮರಕ್ಕೆ ಎಳೆ ಮೊಗ್ಗಿನಿಂದ ಹೊರಬರಲಾಗದು ಎಂಬ ಭಾವ. ಮರ ಕೊರೆಯುವ ಭ್ರಮರ! ಹದಿಮೂರನೆಯ ಶತಮಾನದ ಆ ಹುಡುಗ ಯಾವ ದುಂಬಿಯನ್ನು ನೋಡಿ ಬರೆದನೆಂದು ನಮ್ಮ ಬಾಲ್ಕನಿಯ ಬಿದಿರು ನನಗೆ ಹೇಳಿದೆ. ಕೀಟಶಾಸ್ತ್ರಕ್ಕೆ ಒಪ್ಪುವ ಇಷ್ಟು ಖಚಿತ ಉಪಮೆ ಕಾವ್ಯದಲ್ಲಿ ಅಪರೂಪ.

ಕಳೆದ ಫೆಬ್ರವರಿಯ ಕೊನೆಗೆ ಮತ್ತೆ ಭೀಮಾಶಂಕರಕ್ಕೆ ಹೋಗಿದ್ದೆ, ಈ ಸಲ ವಾರಸ ಮರಕ್ಕಾಗಿ. ಮರಾಠಿಗರು ಹಾಗೆನ್ನುತ್ತಾರೆ, ನಮ್ಮ ಆಕಾಶಮಲ್ಲಿಗೆಯ ಕುಟುಂಬದ್ದು. ಎಲೆ ಕಳಚಿದ ಕೊಂಬೆಗಳ ತುದಿಯಲ್ಲಿ ಬಿಳಿ ಹೂಗಳ ಗೊಂಚಲು. ಇರುಳಿಗೆ ಅರಳುವಂಥವು. ಇವುಗಳ ಕಾಯಿ ಕಟ್ಟಿಸುವುದು ಟೆನ್ಯುಸ್ಕೇಪಾ ಎಂದು ಸೋಮನಾಥನ್ ಮತ್ತು ಬೋರ್ಜಿಸ್ 2001ರಲ್ಲೇ ತೋರಿಸಿದ್ದರು. ಹಗಲಿನ ಆ ದುಂಬಿಯನ್ನು ಮಸುಕಿಗೆ ಎಳೆಯುವ ಆಸೆ ಈ ಹೂವಿನದೇ. ಮರ ತೋರಿಸಿದ ಮಹಾದೇವ ಕೋಳಿ ಸಮುದಾಯದ ಹಿರಿಯರು ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತರು. ರಾತ್ರಿ ಭುಂಗಾ, ಅಂದರೆ ದುಂಬಿ, ಹಾರುವುದು ಅವರಿಗೆ ಹೊಸ ಸುದ್ದಿಯೇನಲ್ಲ. ಅದನ್ನು ಕೇಳಲು ಅಷ್ಟು ದೂರದಿಂದ ಬಂದದ್ದೇ ಅವರಿಗೆ ಆಶ್ಚರ್ಯ.

ಸೂರ್ಯ ಕೊಂಕಣದ ಕಡೆ ಇಳಿದ. ಬಿದ್ದ ಹೂವೊಂದನ್ನು ಅಂಗೈಲಿಟ್ಟುಕೊಂಡೆ. ಹೊರಮೈಗೆ ಉಣ್ಣೆಯಂಥ ನವಿರು, ಗಂಟಲೊಳಗೆ ತಣ್ಣಗಿನ ತೇವ. ಮೊದಲು ಎಲೆಯ ಹಸಿರು ಹೋಯಿತು, ಆಮೇಲೆ ಅವರ ರುಮಾಲಿನ ಕೆಂಪು, ಆಮೇಲೆ ನನ್ನ ಕೈಯ ಬಣ್ಣ. ಬಿಳಿ ಗೊಂಚಲುಗಳು ಮಾತ್ರ ಬೂದಾಗಿ ತೇಲುತ್ತಿದ್ದವು. ಕಪ್ಪು ಚುಕ್ಕೆಯೊಂದು ಬಂತು, ಗೊಂಚಲಿನ ಮುಂದೆ ನಿಂತಿತು, ಒಳಗೆ ಹೊಕ್ಕಿತು. ಇನ್ನೊಂದು. ಸ್ವಲ್ಪ ಹೊತ್ತಿಗೆ ಚುಕ್ಕೆಯೂ ಕಾಣದಾಯಿತು, ಗೊಂಚಲೂ ಕರಗಿತು. ತಲೆಯ ಮೇಲೆ ಗುಂಯ್‌ಗುಡುವ ಸದ್ದು ಒಂದು ಹೂವಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ತಡವರಿಸದೆ ಸಾಗುತ್ತಿತ್ತು.